ಟ್ರಾನ್ಸಿಸ್ಟರ್ ಸತ್ತಿದೆಯೋ, ಬದುಕಿದೆಯೋ? ಮನೆಯಲ್ಲೇ ಮಾಡುವ ಟೆಸ್ಟರ್ ಬಗ್ಗೆ ನಿಮ್ಮ ಪ್ರಶ್ನೆಗಳು

ರಿಪೇರಿಗೆ ಬಂದ ಬೋರ್ಡಿನಿಂದ ಕಿತ್ತ ಟ್ರಾನ್ಸಿಸ್ಟರನ್ನು ಪರೀಕ್ಷೆ ಮಾಡದೆ ಕಸಕ್ಕೆ ಹಾಕಬೇಡಿ ಅಂತ ಹೋದ ತಿಂಗಳು ಇದೇ ಅಂಕಣದಲ್ಲಿ ಬರೆದಿದ್ದೆ. ಅದನ್ನು ಓದಿ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯಿಂದ ಬಹಳ ಜನ ಬರೆದಿದ್ದಾರೆ. ಎಲ್ಲರದ್ದೂ ಸುತ್ತಿ ಸುತ್ತಿ ಒಂದೇ ಮಾತು: ಪರೀಕ್ಷೆ ಮಾಡೋದು ಯಾವುದರಿಂದ, ಬಂದ ಅಂಕಿಯನ್ನು ನಂಬೋದು ಹೇಗೆ? ಹಾಗಾಗಿ ಈ ಸಲದ ಜಾಗ ಪೂರ್ತಿ ಟೆಸ್ಟರಿಗೇ ಕೊಟ್ಟಿದ್ದೇನೆ.

ಪ್ರಶ್ನೆ: ನಾನು ಐಟಿಐನಲ್ಲಿ ಎಲೆಕ್ಟ್ರಾನಿಕ್ ಮೆಕ್ಯಾನಿಕ್ ಓದುತ್ತಿದ್ದೇನೆ ಸರ್. ನನ್ನ ಮಲ್ಟಿಮೀಟರಿನ ಎಚ್‌ಎಫ್‌ಇ (ಟ್ರಾನ್ಸಿಸ್ಟರ್ ಕರೆಂಟನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಅನ್ನೋ ಗೇನ್ ಅಳೆಯುವ) ತೂತಿನಲ್ಲಿ ಬಿಸಿ547 ಟ್ರಾನ್ಸಿಸ್ಟರ್ ಹಾಕಿದರೆ ಒಮ್ಮೆ 240 ಬರುತ್ತದೆ, ಅದನ್ನೇ ತೆಗೆದು ಮತ್ತೆ ಹಾಕಿದರೆ 12 ಬರುತ್ತದೆ, ಕೆಲವು ಸಲ ಏನೂ ಇಲ್ಲ. ಯಾವುದು ಖರೆ? ಕಡಿಮೆ ಖರ್ಚಿನಲ್ಲಿ ನಂಬುವಂಥ ಟೆಸ್ಟರನ್ನು ನಾನೇ ಮಾಡಿಕೊಳ್ಳಬಹುದಾ?
— ವಿದ್ಯಾರ್ಥಿ, ಜಮಖಂಡಿ

ಉತ್ತರ: ತಮ್ಮಾ, ನಿನ್ನ ಮೀಟರ್ ಎರಡು ಸಲವೂ ಖರೆನೇ ಹೇಳಿದೆ. 240 ಬಂದಾಗ ಎಮಿಟರ್, ಬೇಸ್, ಕಲೆಕ್ಟರ್ ಅನ್ನೋ ಮೂರೂ ಕಾಲುಗಳು ಸರಿಯಾದ ತೂತಿನಲ್ಲಿದ್ದವು. 12 ಬಂದಾಗ ಎಮಿಟರ್ ಹೋಗಿ ಕಲೆಕ್ಟರಿನ ಜಾಗದಲ್ಲಿ ಕೂತಿತ್ತು. ಹಿಂದು ಮುಂದಾಗಿ ಹಾಕಿದರೂ ಟ್ರಾನ್ಸಿಸ್ಟರ್ ಪೂರ್ತಿ ಸುಮ್ಮನಿರುವುದಿಲ್ಲ, ಅಷ್ಟಿಷ್ಟು ಕೆಲಸ ಮಾಡುತ್ತದೆ. ಆದರೆ ಒಳಗೆ ಎಮಿಟರಿಗೆ ಡೋಪಿಂಗ್ (ಬೇರೆ ಧಾತುವಿನ ಬೆರಕೆ) ಜಾಸ್ತಿ, ಕಲೆಕ್ಟರಿಗೆ ಕಡಿಮೆ ಮಾಡಿರುತ್ತಾರಲ್ಲ, ಅದಕ್ಕೇ ತಿರುಗಿಸಿದಾಗ ಗೇನ್ ಕುಸಿದು ಬೀಳುತ್ತದೆ. ಇದನ್ನು ಕೆಟ್ಟದ್ದು ಅಂದುಕೊಂಡು ಎಷ್ಟು ಒಳ್ಳೆಯ ಮಾಲು ಕಸಕ್ಕೆ ಹೋಗಿದೆಯೋ! ಇನ್ನು ಏನೂ ಬರದೇ ಇದ್ದಿದ್ದಕ್ಕೆ ಕಾರಣ ಸರಳ. ಮೀಟರಿನ ಆ ತೂತುಗಳು ಆಳ, ಬೋರ್ಡಿನಿಂದ ಕಿತ್ತ ಟ್ರಾನ್ಸಿಸ್ಟರಿನ ಕಾಲು ಗಿಡ್ಡ, ಒಳಗಿನ ಪತ್ತಿಗೆ ತಾಗುವುದೇ ಇಲ್ಲ.

ಖಂಡಿತ ಮಾಡಿಕೊಳ್ಳಬಹುದು. ಮಾಡಿಕೊಳ್ಳಲೇಬೇಕು ಅಂತ ನಾನು ಹೇಳುತ್ತೇನೆ. ಯಾಕೆಂದರೆ ನೀನೇ ಕಟ್ಟಿದ ಟೆಸ್ಟರ್ ಟ್ರಾನ್ಸಿಸ್ಟರಿಗೆ ಏನು ಪ್ರಶ್ನೆ ಕೇಳುತ್ತಿದೆ ಅನ್ನೋದು ನಿನಗೆ ಗೊತ್ತಿರುತ್ತದೆ. ಪ್ರಶ್ನೆ ಗೊತ್ತಿಲ್ಲದೆ ಬರೀ ಉತ್ತರ ಓದಿದರೆ ಈಗ ಆದ ಹಾಗೆಯೇ ಆಗುತ್ತದೆ.

ಕೇಳೋ ಪ್ರಶ್ನೆ ಇಷ್ಟೇ: ಬೇಸ್ ಕಾಲಿಗೆ ನಾನು ಇಷ್ಟು ಕರೆಂಟ್ ಕೊಟ್ಟರೆ ಕಲೆಕ್ಟರಿನಲ್ಲಿ ನೀನು ಎಷ್ಟು ಬಿಡುತ್ತೀಯಾ? ಕಲೆಕ್ಟರ್ ಕರೆಂಟನ್ನು ಬೇಸ್ ಕರೆಂಟಿನಿಂದ ಭಾಗಿಸಿದರೆ ಗೇನ್. ನಾವು ಬೇಸಿಗೆ ಸರಿಯಾಗಿ 10 ಮೈಕ್ರೊಆಂಪ್ ಕೊಡೋಣ, ಕಲೆಕ್ಟರಿನಲ್ಲಿ 100 ಓಮ್ ರೆಸಿಸ್ಟರ್ ಇಡೋಣ. ಗೇನ್ 240 ಇದ್ದರೆ ಕಲೆಕ್ಟರಿನಲ್ಲಿ 2.4 ಮಿಲಿಆಂಪ್ ಹರಿಯುತ್ತದೆ, ಅದು 100 ಓಮಿನ ಮೇಲೆ 240 ಮಿಲಿವೋಲ್ಟ್ ಬೀಳಿಸುತ್ತದೆ. ನೋಡಿದೆಯಾ? ಮಿಲಿವೋಲ್ಟ್ ಎಷ್ಟೋ ಗೇನ್ ಅಷ್ಟು. ಭಾಗಾಕಾರ ಮಾಡೋ ಕೆಲಸವೇ ಇಲ್ಲ. ಅಗ್ಗದ ಮೀಟರಿನಲ್ಲೂ 2000 ಮಿಲಿವೋಲ್ಟ್ ರೇಂಜ್ ಇರುತ್ತದೆ, ಅಲ್ಲಿ ನೇರವಾಗಿ 240 ಅಂತಲೇ ಕಾಣುತ್ತದೆ.

ಪವರ್ ಸಪ್ಲೈಗೆ ಮೂಲೆಯಲ್ಲಿ ಬಿದ್ದಿರೋ ಹಳೇ 5 ವೋಲ್ಟ್ ಮೊಬೈಲ್ ಚಾರ್ಜರ್ ಸಾಕು. ಚಾರ್ಜರ್ ಡಬ್ಬಿಯನ್ನು ಬಿಚ್ಚಬೇಡ, ಅದರೊಳಗೆ 230 ವೋಲ್ಟ್ ಇದೆ. ಹೊರಗಿನ ಕೇಬಲ್ ಕತ್ತರಿಸಿ ಕೆಂಪು, ಕಪ್ಪು ತಂತಿ ತೆಗೆದುಕೋ. ಮೀಟರಿನಲ್ಲಿ ಒಮ್ಮೆ ಪ್ಲಸ್ ಮೈನಸ್ ನೋಡಿಕೊಳ್ಳೋದು ಒಳ್ಳೆಯದು, ಎಲ್ಲಾ ಕೇಬಲಿನ ಬಣ್ಣ ನಂಬೋ ಹಾಗಿರೋದಿಲ್ಲ. ಬೇಸಿಗೆ 390ಕೆ ಮತ್ತು 47ಕೆ ಎರಡನ್ನೂ ಸೀರೀಸ್‌ನಲ್ಲಿ ಹಾಕು, ಒಟ್ಟು 437ಕೆ. ಸಿಲಿಕಾನ್ ಟ್ರಾನ್ಸಿಸ್ಟರಿನ ಬೇಸ್–ಎಮಿಟರ್ ಸುಮಾರು 0.65 ವೋಲ್ಟ್ ನುಂಗುತ್ತದೆ, ಉಳಿದ 4.35 ವೋಲ್ಟ್ 437ಕೆ ಮೇಲೆ ಬಿದ್ದರೆ ಕರೆಂಟ್ 10 ಮೈಕ್ರೊಆಂಪಿಗೆ ಕೂದಲೆಳೆಯಷ್ಟು ಕಡಿಮೆ. ರೆಸಿಸ್ಟರುಗಳು ಒಂದು ಪರ್ಸೆಂಟಿನವು, ಮೆಟಲ್ ಫಿಲ್ಮ್, ನೀಲಿ ಬಣ್ಣದವು ತೆಗೆದುಕೋ. ಅದಕ್ಕೆ ಆಗೋ ಹೆಚ್ಚಿನ ಖರ್ಚು ಕೆಲವೇ ರೂಪಾಯಿ.

9 ವೋಲ್ಟ್ ಬ್ಯಾಟರಿ ಯಾಕಲ್ಲ ಅಂತ ಕೇಳಬಹುದು. ಒಂದು, ಬ್ಯಾಟರಿ ಇಳಿದ ಹಾಗೆ ಬೇಸ್ ಕರೆಂಟೂ ಇಳಿಯುತ್ತದೆ, ನಿನ್ನ ಅಂಕಿ ಸುಳ್ಳಾಗುತ್ತಾ ಹೋಗುತ್ತದೆ. ಎರಡನೆಯದು ಇನ್ನೂ ಮುಖ್ಯ. ಬಿಸಿ547ರ ಬೇಸ್–ಎಮಿಟರ್ ಉಲ್ಟಾ ದಿಕ್ಕಿನಲ್ಲಿ ತಡೆಯೋದು 6 ವೋಲ್ಟ್ ಮಾತ್ರ. ಕಾಲು ಅದಲು ಬದಲಾಗಿ ಹಾಕಿದಾಗ 9 ವೋಲ್ಟ್ ಆ ಜಂಕ್ಷನ್ ಒಡೆದು ಹರಿಯಬಹುದು. ಹಾಗೆ ಪದೇ ಪದೇ ಆದರೆ ಗೇನ್ ಖಾಯಮ್ಮಾಗಿ ಇಳಿಯುತ್ತದೆ. ಪರೀಕ್ಷೆ ಮಾಡೋ ಸಾಧನವೇ ಮಾಲನ್ನು ಕೆಡಿಸಿದರೆ ಹೇಗೆ? 5 ವೋಲ್ಟಿನಲ್ಲಿ ಆ ಹೆದರಿಕೆ ಇಲ್ಲ.

ಈಗ ವೈರಿಂಗ್. ತೂತಿನ ಬೋರ್ಡಿನ ಮೇಲೆ ಮೇಲೊಂದು ಲೈನ್, ಕೆಳಗೊಂದು ಲೈನ್ ಎಳೆದುಕೋ. ಎಮಿಟರ್ ಕೆಳಗಿನ ಲೈನಿಗೆ. ಕಲೆಕ್ಟರ್ 100 ಓಮ್ ಮೂಲಕ ಮೇಲಿನ ಲೈನಿಗೆ. ಬೇಸ್ 437ಕೆ ಮೂಲಕ, ಒಂದು ಒತ್ತುವ ಗುಂಡಿ ದಾಟಿ, ಅದೇ ಮೇಲಿನ ಲೈನಿಗೆ. ಚಾರ್ಜರಿನ ತಂತಿಗಳನ್ನು ನೇರವಾಗಿ ಈ ಲೈನುಗಳಿಗೆ ಕೊಡಬೇಡ, ನಡುವೆ ಆರು ಕಾಲಿನ ಸ್ಲೈಡ್ ಸ್ವಿಚ್ ಹಾಕು. ಅದರ ನಡುವಿನ ಎರಡು ಕಾಲು ನಮ್ಮ ಲೈನುಗಳಿಗೆ, ಒಂದು ತುದಿಯ ಎರಡು ಕಾಲು ಪ್ಲಸ್ ಮೈನಸ್‌ಗೆ, ಇನ್ನೊಂದು ತುದಿಯ ಎರಡು ಕಾಲಿಗೆ ಅದನ್ನೇ ಅಡ್ಡ ದಾಟಿಸಿ ಮೈನಸ್ ಪ್ಲಸ್. ಸ್ವಿಚ್ ಒಂದು ಕಡೆ ಇದ್ದರೆ ಎನ್‌ಪಿಎನ್, ಇನ್ನೊಂದು ಕಡೆ ಸರಿಸಿದರೆ ಪಿಎನ್‌ಪಿ. ಕರೆಂಟ್ ಹರಿಯೋ ದಿಕ್ಕು ಒಂದಕ್ಕೊಂದು ಉಲ್ಟಾ ಇರೋ ಎರಡು ಜಾತಿಯ ಟ್ರಾನ್ಸಿಸ್ಟರ್ ಇವು. ಮೀಟರಿನ ಕೆಂಪು ವೈರ್ 100 ಓಮಿನ ಮೇಲಿನ ತುದಿಗೆ, ಕಪ್ಪು ವೈರ್ ಕಲೆಕ್ಟರ್ ತುದಿಗೆ. ಎನ್‌ಪಿಎನ್ ಆದರೆ ಅಂಕಿ ಸುಮ್ನೆ ಬರುತ್ತದೆ, ಪಿಎನ್‌ಪಿ ಆದರೆ ಮುಂದೆ ಮೈನಸ್ ಗುರುತು ಬರುತ್ತದೆ. ಗುರುತಿಲ್ಲದ ಟ್ರಾನ್ಸಿಸ್ಟರ್ ಸಿಕ್ಕಾಗ ಅದರ ಜಾತಿ ಹೇಳೋದು ಆ ಮೈನಸ್ಸೇ.

ಸಾಕೆಟ್ ವಿಷಯ ಸ್ವಲ್ಪ ನಿಧಾನಕ್ಕೆ ಓದು, ಇದು ನನಗೆ ಬಹಳ ಪ್ರೀತಿಯ ಭಾಗ. ಬಿಸಿ547 ಚಪ್ಪಟೆ ಮುಖ ನಿನ್ನ ಕಡೆ, ಕಾಲು ಕೆಳಗೆ ಹಿಡಿದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 2ಎನ್3904 ಆದರೆ ಎಮಿಟರ್, ಬೇಸ್, ಕಲೆಕ್ಟರ್. ಸಿ1815 ಆದರೆ ಎಮಿಟರ್, ಕಲೆಕ್ಟರ್, ಬೇಸ್. ಪ್ರತಿಯೊಂದಕ್ಕೂ ಕಾಲು ತಿರುಚಿ ಹಾಕುತ್ತಾ ಕೂತರೆ ಕಾಲು ಮುರಿಯುತ್ತದೆ. ಅದಕ್ಕೆ ದುಂಡು ತೂತಿನ ಐಸಿ ಸಾಕೆಟ್ ಪಟ್ಟಿಯಿಂದ ಐದು ತೂತು ಮುರಿದುಕೋ. ಸಾಲಾಗಿ ಎಮಿಟರ್, ಬೇಸ್, ಕಲೆಕ್ಟರ್, ಎಮಿಟರ್, ಬೇಸ್ ಅಂತ ವೈರ್ ಹಾಕು, ಅಂದರೆ ಒಂದನೆಯದು ನಾಲ್ಕನೆಯದಕ್ಕೆ, ಎರಡನೆಯದು ಐದನೆಯದಕ್ಕೆ ಸೇರಿಸು. ಮೂರು ಕಾಲು ಎಷ್ಟು ಥರ ಜೋಡಿಸಬಹುದು? ಆರು ಥರ. ಐದು ತೂತಿನಲ್ಲಿ ಮೊದಲ ಮೂರು, ನಡುವಿನ ಮೂರು, ಕೊನೆಯ ಮೂರು ಅಂತ ಮೂರು ಜಾಗ ಸಿಗುತ್ತವೆ. ಟ್ರಾನ್ಸಿಸ್ಟರಿನ ಮುಖ ತಿರುಗಿಸಿ ಹಾಕಿದರೆ ಇನ್ನು ಮೂರು. ಆರೂ ಮುಗಿಯಿತು! ಗೊತ್ತಿಲ್ಲದ ಟ್ರಾನ್ಸಿಸ್ಟರನ್ನು ಈ ಆರು ಥರ ಹಾಕಿ ನೋಡು, ಎಲ್ಲಿ ಅತಿ ಹೆಚ್ಚು ಗೇನ್ ಬರುತ್ತದೋ ಅದೇ ಅದರ ಸರಿಯಾದ ಕಾಲು. ಬಿಡಿ139ರಂಥ ದಪ್ಪ ಕಾಲಿನವು ಈ ತೂತಿಗೆ ಹೋಗುವುದಿಲ್ಲ, ಅವಕ್ಕೆ ಮೂರು ಬಣ್ಣದ ಮೂರು ಕ್ರೊಕೊಡೈಲ್ ಕ್ಲಿಪ್ ಹೊರಗೆ ತೆಗೆ.

ಕಟ್ಟಿದ ಮೇಲೆ ಟೆಸ್ಟರನ್ನೇ ಮೊದಲು ಟೆಸ್ಟ್ ಮಾಡು. ಸಾಕೆಟ್ ಖಾಲಿ ಇರಲಿ. ಮೀಟರನ್ನು 200 ಮೈಕ್ರೊಆಂಪ್ ರೇಂಜಿಗೆ ಹಾಕಿ ಬೇಸ್ ಮತ್ತು ಎಮಿಟರ್ ತೂತಿನ ನಡುವೆ ಹಿಡಿದು ಗುಂಡಿ ಒತ್ತು. 11.4 ಸುತ್ತ ಬರಬೇಕು. ಹತ್ತು ಬರಬೇಕಿತ್ತಲ್ಲ ಅಂತ ಗಾಬರಿಯಾಗಬೇಡ, ಇಲ್ಲಿ 0.65 ವೋಲ್ಟ್ ನುಂಗೋ ಜಂಕ್ಷನ್ ಇಲ್ಲ, ಪೂರ್ತಿ 5 ವೋಲ್ಟ್ 437ಕೆ ಮೇಲಿದೆ. 11.4 ಬಂದರೆ ನಿನ್ನ ಬೇಸ್ ಸರ್ಕ್ಯೂಟ್ ಸರಿ ಇದೆ ಅಂತ ಅರ್ಥ.

ಬಳಸುವಾಗ ಗುಂಡಿ ಒತ್ತೋ ಮೊದಲೇ ಅಂಕಿ ನೋಡೋ ಅಭ್ಯಾಸ ಮಾಡಿಕೋ. ಸಿಲಿಕಾನ್ ಆದರೆ ಆಗ ಸೊನ್ನೆ ಇರಬೇಕು. ಒತ್ತದೆಯೇ ಮೀಟರ್ ರೇಂಜ್ ಮೀರಿ ಬರೀ 1 ತೋರಿಸಿದರೆ 20 ವೋಲ್ಟ್ ರೇಂಜಿಗೆ ಹಾಕಿ ನೋಡು. 5 ವೋಲ್ಟ್ ಇದ್ದರೆ ಕಲೆಕ್ಟರ್–ಎಮಿಟರ್ ಶಾರ್ಟ್, ಆ ಟ್ರಾನ್ಸಿಸ್ಟರ್ ಮುಗಿಯಿತು. 4.3ರ ಸುತ್ತ ಇದ್ದರೆ ಅದು ಕೆಟ್ಟಿಲ್ಲ, ನೀನು ಬೇಸನ್ನು ಕಲೆಕ್ಟರ್ ತೂತಿಗೆ ಹಾಕಿದ್ದೀಯಾ, ಒಂದು ಡಯೋಡ್ ಮಾತ್ರ ಕಾಣುತ್ತಿದೆ. ಹೊಸ ಬಿಸಿ547ರ ಮೇಲೆ ಎ ಅಕ್ಷರ ಇದ್ದರೆ ಗೇನ್ 110ರಿಂದ 220, ಬಿ ಇದ್ದರೆ 200ರಿಂದ 450, ಸಿ ಇದ್ದರೆ 420ರಿಂದ 800 ಇರಬೇಕು. ಒಂದೇ ಪಾಕೀಟಿನ ಹತ್ತು ಟ್ರಾನ್ಸಿಸ್ಟರ್ ಹತ್ತು ಅಂಕಿ ತೋರಿಸುತ್ತವೆ, ಅದು ಸಹಜ.

ಇನ್ನೊಂದು ಮಾತು. ಕರೆಂಟ್ ಹೋದಾಗ ಪವರ್ ಬ್ಯಾಂಕಿನಿಂದ ನಡೆಸುತ್ತೇನೆ ಅನ್ನಬೇಡ. ಈ ಟೆಸ್ಟರ್ ಎಳೆಯೋ ಕರೆಂಟ್ ಎಷ್ಟು ಕಡಿಮೆ ಅಂದರೆ ಬಹಳಷ್ಟು ಪವರ್ ಬ್ಯಾಂಕುಗಳು ಏನೂ ಜೋಡಿಸಿಲ್ಲ ಅಂದುಕೊಂಡು ತಾವಾಗಿಯೇ ಆಫ್ ಆಗುತ್ತವೆ.

ನನ್ನ ಮೊದಲ ಟೆಸ್ಟರ್ ಸೋಪಿನ ಡಬ್ಬಿಯಲ್ಲಿತ್ತು. ಆಲಮಟ್ಟಿ ಹಿನ್ನೀರು ಬಂದು ಹಳೇ ಬಾಗಲಕೋಟೆಯ ಓಣಿಯಿಂದ ನವನಗರಕ್ಕೆ ಅಂಗಡಿ ಸಾಗಿಸಿದಾಗ ಎಷ್ಟೋ ಸಾಮಾನು ಬಿಟ್ಟು ಬಂದೆ, ಆ ಡಬ್ಬಿಯನ್ನು ಮಾತ್ರ ಅಂಗಿ ಜೇಬಿನಲ್ಲಿ ಇಟ್ಟುಕೊಂಡು ಬಂದೆ. ಇವತ್ತಿಗೂ ಮೇಜಿನ ಮೇಲಿದೆ. ಗುಂಡಿ ಎರಡು ಸಲ ಬದಲಾಯಿಸಿದ್ದೇನೆ, ಅಷ್ಟೇ.

ಪ್ರಶ್ನೆ: ನಮ್ಮ ತಂದೆಯವರ ಕಾಲದ ರೇಡಿಯೊ ಇದೆ. ಧಾರವಾಡ ಆಕಾಶವಾಣಿ ಮುಂಜಾನೆ ಚೆನ್ನಾಗಿ ಕೇಳುತ್ತದೆ, ಮಧ್ಯಾಹ್ನವಾದರೆ ಧ್ವನಿ ಒಡೆಯುತ್ತದೆ. ಅದರೊಳಗಿನ ಎಸಿ128 ಜೋಡಿಯನ್ನು ತೆಗೆಸಿ ಒಬ್ಬರ ಮನೆಯಲ್ಲಿ ಮಾಡಿದ ಟೆಸ್ಟರಿನಲ್ಲಿ ನೋಡಿದೆ. ಬೆಳಿಗ್ಗೆ 90 ಬಂತು, ಮಧ್ಯಾಹ್ನ 160. ಗೇನ್ ಹೀಗೆ ಏರುತ್ತದೆಯೇ? ಬದಲಾಯಿಸಬೇಕೇ?
— ನಿವೃತ್ತ ಶಿಕ್ಷಕರು, ವಿಜಯಪುರ

ಉತ್ತರ: ಮಾಸ್ತರರೇ, ಏರಿದ್ದು ಗೇನ್ ಅಲ್ಲ, ಸೋರಿಕೆ. ಎಸಿ128 ಜರ್ಮೇನಿಯಂ ಟ್ರಾನ್ಸಿಸ್ಟರ್. ಜರ್ಮೇನಿಯಂನ ಗುಣವೇ ಅದು, ಬೇಸ್ ಕಾಲಿಗೆ ಏನೂ ಕೊಡದಿದ್ದರೂ ಕಲೆಕ್ಟರ್ ಮತ್ತು ಎಮಿಟರ್ ನಡುವೆ ಒಂದಿಷ್ಟು ಕರೆಂಟ್ ಸೋರುತ್ತಲೇ ಇರುತ್ತದೆ. ಒಳಗಿನ ಮೂಲ ಸೋರಿಕೆ ತೀರಾ ಸಣ್ಣದು, ಆದರೆ ಟ್ರಾನ್ಸಿಸ್ಟರ್ ಅದನ್ನೂ ತನ್ನ ಗೇನಿನಿಂದ ಗುಣಿಸಿ ಹೊರಗೆ ಬಿಡುತ್ತದೆ. ಬಿಸಿ ಸುಮಾರು 10 ಡಿಗ್ರಿ ಏರಿದರೆ ಈ ಸೋರಿಕೆ ಎರಡು ಪಟ್ಟಾಗುತ್ತದೆ. ವಿಜಯಪುರದ ಬೇಸಿಗೆಯ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಎಷ್ಟು ವ್ಯತ್ಯಾಸ ಅನ್ನೋದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ಇದನ್ನು ಕಣ್ಣಾರೆ ನೋಡಬಹುದು. ಮೇಲೆ ಜಮಖಂಡಿಯ ಹುಡುಗನಿಗೆ ಹೇಳಿದ ಟೆಸ್ಟರಿಗೆ ಎಸಿ128 ಹಾಕಿ, ಸ್ವಿಚ್ ಪಿಎನ್‌ಪಿ ಕಡೆ ಇರಲಿ, ಗುಂಡಿ ಒತ್ತಬೇಡಿ. ಮೈನಸ್ 40 ಅಂತ ಬಂತು ಅಂದುಕೊಳ್ಳಿ. ಈಗ ಆ ಲೋಹದ ಡಬ್ಬಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಮೆಲ್ಲಗೆ ಹಿಡಿಯಿರಿ. 42, 45, 51, 58... ಅಂಕಿ ನಿಮ್ಮ ಕಣ್ಣೆದುರೇ ಏರುತ್ತಾ ಹೋಗುತ್ತದೆ. ಬಿಟ್ಟರೆ ನಿಧಾನವಾಗಿ ಇಳಿಯುತ್ತದೆ. ನಾನು ಈ ಕೆಲಸ ಕಲಿಯುವಾಗ ಇದನ್ನು ಮೊದಲ ಸಲ ನೋಡಿ ಅರ್ಧ ದಿನ ಬೇರೆ ಕೆಲಸವನ್ನೇ ಮಾಡಲಿಲ್ಲ.

ಹಾಗಾಗಿ ಜರ್ಮೇನಿಯಂಗೆ ಎರಡು ಅಂಕಿ ಬರೆದುಕೊಳ್ಳಬೇಕು. ಒತ್ತದಿದ್ದಾಗ ಎಷ್ಟು, ಒತ್ತಿದಾಗ ಎಷ್ಟು. ಒತ್ತಿದ್ದರಿಂದ ಒತ್ತದ್ದನ್ನು ಕಳೆಯಿರಿ. ಉದಾಹರಣೆಗೆ 150ರಲ್ಲಿ 60 ಹೋದರೆ 90. ಜರ್ಮೇನಿಯಂನ ಜಂಕ್ಷನ್ 0.65 ಅಲ್ಲ, 0.2 ವೋಲ್ಟಿನ ಸುತ್ತ ಮಾತ್ರ ನುಂಗುವುದರಿಂದ ಬೇಸ್ ಕರೆಂಟ್ 11 ಮೈಕ್ರೊಆಂಪ್ ಆಗಿರುತ್ತದೆ. ಅದಕ್ಕೆ 90ನ್ನು 1.1ರಿಂದ ಭಾಗಿಸಿ, 82. ಅದು ನಿಜವಾದ ಗೇನ್. ಬೆಳಿಗ್ಗೆ, ಮಧ್ಯಾಹ್ನ ಎರಡೂ ಸಲ ಹೀಗೆ ಕಳೆದು ನೋಡಿ, ಗೇನ್ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ.

ಬದಲಾಯಿಸಬೇಕೇ ಅಂದರೆ, ಒತ್ತದಿದ್ದಾಗ 100ರ ಒಳಗೆ ಬಂದರೆ ನಾನಾಗಿದ್ದರೆ ಮುಟ್ಟುವುದಿಲ್ಲ. ಒತ್ತದೆಯೇ 500 ದಾಟಿದರೆ ಅದನ್ನು ರೇಡಿಯೊದಲ್ಲಿ ಇಡಬೇಡಿ. ಜೋಡಿಯಲ್ಲಿ ಒಂದರ ಗೇನ್ 80, ಇನ್ನೊಂದರದು 40 ಇದ್ದರೂ ಧ್ವನಿ ಒಡೆಯುತ್ತದೆ, ಎರಡೂ ಹತ್ತಿರ ಹತ್ತಿರ ಇರಬೇಕು. ಆದರೆ ಅದಕ್ಕೂ ಮೊದಲು ರೇಡಿಯೊದ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳನ್ನು ಬದಲಾಯಿಸಿ ನೋಡಿ. ಅಷ್ಟು ವರ್ಷದ ಕೆಪಾಸಿಟರ್ ಒಣಗಿಯೇ ಇರುತ್ತದೆ. ನನ್ನ ಮೇಜಿಗೆ ಬಂದ ಹಳೇ ರೇಡಿಯೊಗಳಲ್ಲಿ ಟ್ರಾನ್ಸಿಸ್ಟರಿಗಿಂತ ಕೆಪಾಸಿಟರಿನದೇ ತಪ್ಪು ಜಾಸ್ತಿ.

ಎಸಿ128 ಸಿಗಲಿಲ್ಲ ಅಂತ ಯಾರಾದರೂ ಅದೇ ಜಾಗಕ್ಕೆ ಸಿಲಿಕಾನ್ ಟ್ರಾನ್ಸಿಸ್ಟರ್ ಕೂರಿಸುತ್ತೇನೆ ಅಂದರೆ ಒಪ್ಪಬೇಡಿ. 0.2 ವೋಲ್ಟಿಗೆ ಕಟ್ಟಿದ ಬಯಾಸ್ (ಬೇಸ್ ಕಾಲಿಗೆ ಸದಾ ಕೊಡೋ ಸಣ್ಣ ವೋಲ್ಟೇಜ್) 0.65 ಕೇಳೋ ಸಿಲಿಕಾನಿಗೆ ಸಾಲುವುದಿಲ್ಲ, ಬಯಾಸ್ ರೆಸಿಸ್ಟರುಗಳನ್ನೂ ಬದಲಾಯಿಸಬೇಕಾಗುತ್ತದೆ. ಮತ್ತೆ ಬೆಸುಗೆ ಹಾಕುವಾಗ ಕಾಲನ್ನು ನೋಸ್ ಪ್ಲೈಯರಿನಲ್ಲಿ ಹಿಡಿದುಕೊಳ್ಳಲು ಹೇಳಿ, ಐರನ್ನಿನ ಬಿಸಿ ಇಕ್ಕಳಕ್ಕೆ ಹೋಗಲಿ, ಒಳಗೆ ಹೋಗದಿರಲಿ. ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) 1962ರಲ್ಲೇ ಜರ್ಮೇನಿಯಂ ಸಾಧನಗಳನ್ನು ಮಾಡಲು ಶುರು ಮಾಡಿತ್ತು. ಆ ಪೀಳಿಗೆಯ ಮಾಲು ಇನ್ನೂ ಹಾಡುತ್ತಿದೆ ಅಂದರೆ ಅದನ್ನು ಉಳಿಸಿಕೊಳ್ಳೋದು ನಮ್ಮ ಕೆಲಸ.

ಪ್ರಶ್ನೆ: ನಮ್ಮ ಭಜನಾ ಮಂಡಳಿಯ ಆಂಪ್ಲಿಫೈಯರಿಗೆ ಮೂರು ಸಲ 2ಎನ್3055 ಪವರ್ ಟ್ರಾನ್ಸಿಸ್ಟರ್ ಹಾಕಿದೆ, ಮೂರೂ ಸಲ ಸುಟ್ಟಿತು. ಹಾಕುವ ಮೊದಲು ಟೆಸ್ಟರಿನಲ್ಲಿ ಒಳ್ಳೆಯದು ಅಂತಲೇ ಬಂದಿತ್ತು. ಟೆಸ್ಟರ್ ನಂಬೋದೋ ಬೇಡವೋ?
— ಮಗ್ಗದ ಕೆಲಸದವರು, ಬನಹಟ್ಟಿ

ಉತ್ತರ: ಅಣ್ಣಾ, ಟೆಸ್ಟರ್ ಕೇಳಿದ ಪ್ರಶ್ನೆಗೆ ಟ್ರಾನ್ಸಿಸ್ಟರ್ ಸರಿಯಾಗಿಯೇ ಉತ್ತರ ಕೊಟ್ಟಿದೆ, ಆದರೆ ಪ್ರಶ್ನೆಯೇ ತೀರಾ ಸಣ್ಣದು. 10 ಮೈಕ್ರೊಆಂಪ್ ಬೇಸಿಗೆ ಕೊಟ್ಟು 2ಎನ್3055 ಪರೀಕ್ಷೆ ಮಾಡೋದು, ಚೀಲ ಹೊರೋ ಹಮಾಲನಿಗೆ ಒಂದು ತೆಂಗಿನಕಾಯಿ ಎತ್ತಿಸಿ ನೋಡಿದ ಹಾಗೆ. ಒಳ್ಳೆಯ 2ಎನ್3055 ಅಂದರೆ 4 ಆಂಪ್ ಹರಿಯುವಾಗಲೂ ಗೇನ್ 20ಕ್ಕಿಂತ ಕೆಳಗೆ ಇಳಿಯಬಾರದು. ನಕಲಿ ಮಾಲಿನಲ್ಲಿ ದೊಡ್ಡ ಡಬ್ಬಿಯೊಳಗೆ ಸಣ್ಣ ಚಿಪ್ ಕೂರಿಸಿರುತ್ತಾರೆ. ಸಣ್ಣ ಕರೆಂಟಿಗೆ ಅದೂ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಭಾರ ಬಿದ್ದಾಗ ಸುಟ್ಟು ಹೋಗುತ್ತದೆ.

ಇದಕ್ಕೆ ಬೇರೆಯೇ ಟೆಸ್ಟರ್ ಬೇಕು, ಅದೂ ಸುಲಭ. 12 ವೋಲ್ಟ್ ಬ್ಯಾಟರಿ, ಗಾಡಿಯ 12 ವೋಲ್ಟ್ 21 ವ್ಯಾಟ್ ಬಲ್ಬ್, ಒಂದು 100 ಓಮ್ 5 ವ್ಯಾಟ್ ಬಿಳಿ ಸಿಮೆಂಟ್ ರೆಸಿಸ್ಟರ್, ಒಂದು ಸ್ವಿಚ್. ಬ್ಯಾಟರಿಯ ಪ್ಲಸ್ ಹತ್ತಿರವೇ 5 ಆಂಪ್ ಫ್ಯೂಸ್ ಹಾಕಿ, ಇದನ್ನು ಬಿಡಬೇಡಿ. ಡಬ್ಬಿಯೇ ಕಲೆಕ್ಟರ್, ಅದಕ್ಕೆ ಬಲ್ಬ್ ಮೂಲಕ ಪ್ಲಸ್. ಎಮಿಟರ್ ಮೈನಸ್‌ಗೆ. ಬೇಸಿಗೆ ಸ್ವಿಚ್ ಮತ್ತು 100 ಓಮ್ ಮೂಲಕ ಪ್ಲಸ್. ಹೀಗೆ ಬೇಸಿಗೆ ಸುಮಾರು 110 ಮಿಲಿಆಂಪ್ ಹೋಗುತ್ತದೆ. ಗೇನ್ 20 ಇದ್ದರೂ 2.2 ಆಂಪ್ ಬಿಡಬಲ್ಲದು, ಬಲ್ಬಿಗೆ ಬೇಕಾಗಿರೋದು 1.75 ಆಂಪ್ ಮಾತ್ರ. ಸ್ವಿಚ್ ಹಾಕದೆಯೇ ಬಲ್ಬ್ ಹೊತ್ತಿದರೆ ಟ್ರಾನ್ಸಿಸ್ಟರ್ ಶಾರ್ಟ್. ಸ್ವಿಚ್ ಹಾಕಿ ಬಲ್ಬ್ ಪೂರ್ತಿ ಬೆಳಗಿದ ಮೇಲೆ ಡಬ್ಬಿ ಮತ್ತು ಎಮಿಟರ್ ನಡುವೆ ವೋಲ್ಟೇಜ್ ಅಳೆಯಿರಿ. ಅರ್ಧ ವೋಲ್ಟಿನ ಒಳಗಿದ್ದರೆ ಚಲೋ ಮಾಲು. 2, 3 ವೋಲ್ಟ್ ಬಂದು ಬಲ್ಬ್ ಮಂಕಾಗಿದ್ದರೆ ಅದನ್ನು ಆಂಪ್ಲಿಫೈಯರಿಗೆ ಹಾಕಬೇಡಿ. ಒಂದು ನಿಮಿಷ ಹಾಗೇ ಬಿಟ್ಟು ಡಬ್ಬಿ ಮುಟ್ಟಿ ನೋಡಿ, ಒಳ್ಳೆಯದು ಸ್ವಲ್ಪ ಬೆಚ್ಚಗಾಗಿರುತ್ತದೆ ಅಷ್ಟೇ.

2ಎನ್3055 ತಡೆಯಬೇಕಾದ 60 ವೋಲ್ಟನ್ನು ಈ ಬಲ್ಬ್ ಪರೀಕ್ಷೆ ನೋಡುವುದಿಲ್ಲ ಅನ್ನೋದು ನೆನಪಿರಲಿ. ಮೂರು ಸಲ ಸುಟ್ಟಿದೆ ಅಂದರೆ ಡಬ್ಬಿಯ ಕೆಳಗಿನ ಮೈಕಾ ಹಾಳೆ, ಹೀಟ್‌ಸಿಂಕ್ ಪೇಸ್ಟ್, ಸ್ಪೀಕರ್ ವೈರಿನ ಶಾರ್ಟ್ ಇವನ್ನೂ ನೋಡಿ. ಹೊಸ ಟ್ರಾನ್ಸಿಸ್ಟರ್ ಹಾಕಿದ ಮೇಲೆ ಮೊದಲ ಸಲ ಚಾಲೂ ಮಾಡುವಾಗ ಆಂಪ್ಲಿಫೈಯರಿನ ಮೇನ್ಸಿಗೆ ಸೀರೀಸ್‌ನಲ್ಲಿ 60 ವ್ಯಾಟಿನ ಹಳೇ ತಂತಿ ಬಲ್ಬ್ ಇಡಿ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಜೋರಾಗಿ ಹೊತ್ತುತ್ತದೆ, ನಿಮ್ಮ ಟ್ರಾನ್ಸಿಸ್ಟರ್ ಉಳಿಯುತ್ತದೆ.

ಪ್ರಶ್ನೆ: ಡಿಪ್ಲೊಮಾ ಓದುತ್ತಿದ್ದೇನೆ. ಪ್ರತಿ ಸಲ ಟ್ರಾನ್ಸಿಸ್ಟರ್ ಕೀಳುವಾಗ ಬೋರ್ಡಿನ ತಾಮ್ರದ ಪಟ್ಟಿ ಎದ್ದು ಬರುತ್ತದೆ. ಕೀಳದೆ ಬೋರ್ಡಿನಲ್ಲೇ ಪರೀಕ್ಷೆ ಮಾಡುವ ಟೆಸ್ಟರ್ ಇದೆಯಾ ಸರ್?
— ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ಇದೆ ತಂಗಿ, 555 ಐಸಿಯಿಂದ ಮಾಡೋದು. ಗೇನ್ ಅಂಕಿ ಹೇಳುವುದಿಲ್ಲ, ಸತ್ತಿದೆಯೋ ಬದುಕಿದೆಯೋ, ಎನ್‌ಪಿಎನ್ನೋ ಪಿಎನ್‌ಪಿಯೋ, ಇಷ್ಟನ್ನು ಹೇಳುತ್ತದೆ. ರಿಪೇರಿಯಲ್ಲಿ ಹೆಚ್ಚಾಗಿ ಬೇಕಾಗೋದು ಅಷ್ಟೇ ಅಲ್ವಾ?

555ನ್ನು ಅಸ್ಟೇಬಲ್ ಆಗಿ, ಅಂದರೆ ತಾನಾಗಿಯೇ ಆನ್ ಆಫ್ ಆಗುತ್ತಿರೋ ಹಾಗೆ, ಕಟ್ಟು. ಅದರ 7ನೇ ಕಾಲು ಮತ್ತು ಪ್ಲಸ್ ನಡುವೆ 1ಕೆ, 7 ಮತ್ತು 6ರ ನಡುವೆ 100ಕೆ, 6 ಮತ್ತು 2 ಸೇರಿಸಿ ಮೈನಸ್‌ಗೆ 1 ಮೈಕ್ರೊಫ್ಯಾರಡ್. ಸೆಕೆಂಡಿಗೆ ಸುಮಾರು 7 ಸಲ 3ನೇ ಕಾಲು ಮೇಲೆ ಕೆಳಗೆ ಆಡುತ್ತದೆ. ಇಲ್ಲಿ 9 ವೋಲ್ಟ್ ಬ್ಯಾಟರಿ ಆಗುತ್ತದೆ. ಪ್ಲಸ್ ಮತ್ತು ಮೈನಸ್ ನಡುವೆ ಎರಡು 330 ಓಮ್ ಸೀರೀಸ್‌ನಲ್ಲಿ ಹಾಕಿದರೆ ನಡುವೆ 4.5 ವೋಲ್ಟ್ ಸಿಗುತ್ತದೆ, ಎಮಿಟರ್ ಕ್ಲಿಪ್ ಅಲ್ಲಿಗೆ. 3ನೇ ಕಾಲಿನಿಂದ 330 ಓಮ್ ಮೂಲಕ ಕಲೆಕ್ಟರ್ ಕ್ಲಿಪ್, 2.2ಕೆ ಮೂಲಕ ಬೇಸ್ ಕ್ಲಿಪ್. ಕಲೆಕ್ಟರ್ ಮತ್ತು ಎಮಿಟರ್ ಕ್ಲಿಪ್ಪುಗಳ ನಡುವೆ ಒಂದು ಕೆಂಪು, ಒಂದು ಹಸಿರು ಎಲ್‌ಇಡಿ, ಒಂದಕ್ಕೊಂದು ಉಲ್ಟಾ.

ಟ್ರಾನ್ಸಿಸ್ಟರ್ ಇಲ್ಲದಿದ್ದರೆ ಎರಡೂ ಎಲ್‌ಇಡಿ ಸರದಿಯಂತೆ ಮಿನುಗುತ್ತವೆ. ಒಳ್ಳೆಯ ಎನ್‌ಪಿಎನ್ ಜೋಡಿಸಿದರೆ 3ನೇ ಕಾಲು ಮೇಲಿದ್ದಾಗ ಅದು ಆನ್ ಆಗಿ ಆ ಸರದಿಯ ಎಲ್‌ಇಡಿಯ ಕರೆಂಟನ್ನು ತಾನೇ ಕುಡಿಯುತ್ತದೆ, ಇನ್ನೊಂದು ಮಾತ್ರ ಮಿನುಗುತ್ತದೆ. ಪಿಎನ್‌ಪಿ ಆದರೆ ಇದು ಅದಲು ಬದಲು. ಎರಡೂ ಆರಿದರೆ ಶಾರ್ಟ್, ಎರಡೂ ಮಿನುಗುತ್ತಲೇ ಇದ್ದರೆ ಓಪನ್. ಮೊದಲು ಗೊತ್ತಿರೋ ಬಿಸಿ547 (ಎನ್‌ಪಿಎನ್) ಮತ್ತು ಬಿಸಿ557 (ಪಿಎನ್‌ಪಿ) ಹಾಕಿ ಯಾವ ಎಲ್‌ಇಡಿ ಯಾರದ್ದು ಅಂತ ಡಬ್ಬಿಯ ಮೇಲೆ ಬರೆದುಬಿಡು.

ಬೋರ್ಡಿನ ಪವರ್ ಪೂರ್ತಿ ತೆಗೆದಿರಬೇಕು, ದೊಡ್ಡ ಕೆಪಾಸಿಟರುಗಳು ಖಾಲಿಯಾಗಿರಬೇಕು. ಅಕ್ಕಪಕ್ಕದಲ್ಲಿ 100 ಓಮಿಗಿಂತ ಕಡಿಮೆಯ ರೆಸಿಸ್ಟರೋ ಕಾಯಿಲೋ ಅಡ್ಡ ಇದ್ದರೆ ಒಳ್ಳೆಯದೂ ಶಾರ್ಟ್ ಅಂತ ಕಾಣಬಹುದು. ಆ ಅನುಮಾನ ಬಂದಾಗ ಪೂರ್ತಿ ಕೀಳಬೇಡ, ಬೇಸ್ ಮತ್ತು ಕಲೆಕ್ಟರ್ ಕಾಲು ಮಾತ್ರ ಎತ್ತಿ ನೋಡು. ತಾಮ್ರದ ಪಟ್ಟಿ ಏಳೋದಕ್ಕೆ ಕಾರಣ ಐರನ್ ಜಾಸ್ತಿ ಹೊತ್ತು ಒತ್ತೋದು. ಮೊದಲು ಸ್ವಲ್ಪ ಹೊಸ ಸೀಸ ಕರಗಿಸಿ ಸೇರಿಸು, ಆಮೇಲೆ ಹೀರು, ಹಳೇ ಬೆಸುಗೆ ಬೇಗ ಬಿಟ್ಟುಕೊಡುತ್ತದೆ.

ಪ್ರಶ್ನೆ: ಗಣಪತಿ ಲೈಟಿಂಗಿಗೆ ಅಂತ ತಂದ ಹೊಸ ಟಿಐಪಿ122 ಎಲ್ಲವೂ ಟೆಸ್ಟರಿನಲ್ಲಿ ಸೊನ್ನೆ ತೋರಿಸುತ್ತಿವೆ. ಹತ್ತಕ್ಕೆ ಹತ್ತೂ ಕೆಟ್ಟಿರುತ್ತವೆಯೇ?
— ಓದುಗರು, ನಿಪ್ಪಾಣಿ

ಉತ್ತರ: ವಾಪಸ್ ಕೊಡಲು ಹೋಗಬೇಡಿ, ಹತ್ತೂ ಒಳ್ಳೆಯವೇ ಇರಬಹುದು. ಟಿಐಪಿ122 ಡಾರ್ಲಿಂಗ್ಟನ್, ಒಳಗೆ ಎರಡು ಟ್ರಾನ್ಸಿಸ್ಟರ್ ಜೊತೆಗೆ ಎರಡು ರೆಸಿಸ್ಟರೂ ಇವೆ. ನಾವು ಕೊಡೋ 10 ಮೈಕ್ರೊಆಂಪ್ ಆ ರೆಸಿಸ್ಟರುಗಳ ಮೂಲಕವೇ ಹರಿದು ಹೋಗುತ್ತದೆ, ಟ್ರಾನ್ಸಿಸ್ಟರ್ ಎಚ್ಚರವೇ ಆಗುವುದಿಲ್ಲ. ಟೆಸ್ಟರಿಗೆ ಇನ್ನೊಂದು ಗುಂಡಿ ಹಾಕಿ, ಅದರಿಂದ 437ಕೆ ಬದಲು 10ಕೆ ಮೂಲಕ ಬೇಸಿಗೆ ಕರೆಂಟ್ ಹೋಗಲಿ. ಮೀಟರ್ 20 ವೋಲ್ಟ್ ರೇಂಜಿನಲ್ಲಿ ಇಟ್ಟು ಒತ್ತಿದರೆ 4 ವೋಲ್ಟ್ ದಾಟಬೇಕು. ದಾಟಿದರೆ ಹಬ್ಬಕ್ಕೆ ಹಾಕಿ. ಇವು ದಪ್ಪ ಕಾಲಿನವು, ಕ್ಲಿಪ್ ಬಳಸಿ. ಬರಹ ನಿಮ್ಮ ಕಡೆ ಇದ್ದರೆ ಎಡದಿಂದ ಬೇಸ್, ಕಲೆಕ್ಟರ್, ಎಮಿಟರ್.

ಪ್ರಶ್ನೆ: ನೀವು ಹೇಳುವಂಥದ್ದೇ ಟೆಸ್ಟರಿಗೆ ಐಆರ್‌ಎಫ್‌ಝಡ್44 ಹಾಕಿದರೆ, ಗುಂಡಿ ಬಿಟ್ಟ ಮೇಲೂ ಮೀಟರ್ ಕೆಳಗೆ ಇಳಿಯುವುದಿಲ್ಲ. ಯಾಕೆ?
— ಇನ್ವರ್ಟರ್ ರಿಪೇರಿ ಮಾಡುವವರು, ಗೋಕಾಕ

ಉತ್ತರ: ಅದು ಮಾಸ್‌ಫೆಟ್, ಅಂದರೆ ಕರೆಂಟಿನಿಂದ ಅಲ್ಲ, ಗೇಟ್ ಅನ್ನೋ ಕಾಲಿನ ವೋಲ್ಟೇಜಿನಿಂದ ನಡೆಯೋ ಟ್ರಾನ್ಸಿಸ್ಟರ್, ಗೇನ್ ಲೆಕ್ಕಕ್ಕೆ ಬರುವುದಿಲ್ಲ. ಗೇಟ್ ಅಂದರೆ ಒಂದು ಸಣ್ಣ ಕೆಪಾಸಿಟರ್ ಇದ್ದ ಹಾಗೆ. ಗುಂಡಿ ಒತ್ತಿದಾಗ ಚಾರ್ಜ್ ಆಗುತ್ತದೆ, ಬಿಟ್ಟರೆ ಆ ಚಾರ್ಜ್ ಹೋಗಲು ದಾರಿ ಇಲ್ಲ, ಅದಕ್ಕೇ ಆನ್ ಆಗಿಯೇ ಇರುತ್ತದೆ. ನೀವು ನೋಡಿದ್ದು ಒಳ್ಳೆಯ ಲಕ್ಷಣ. ಬೇಸ್ ಜಾಗಕ್ಕೆ ಗೇಟ್, ಕಲೆಕ್ಟರಿಗೆ ಡ್ರೇನ್, ಎಮಿಟರಿಗೆ ಸೋರ್ಸ್ ಕೊಟ್ಟು, ಒತ್ತಿ ಬಿಡಿ, ಅಂಕಿ ಮೇಲೆ ನಿಲ್ಲಬೇಕು. ಈಗ ಬೆರಳಿನಿಂದ ಗೇಟ್ ಮತ್ತು ಸೋರ್ಸ್ ಎರಡನ್ನೂ ಒಟ್ಟಿಗೆ ಮುಟ್ಟಿ, ಅಂಕಿ ಸೊನ್ನೆಗೆ ಬೀಳಬೇಕು. ಎರಡೂ ಆದರೆ ಮಾಸ್‌ಫೆಟ್ ಬದುಕಿದೆ. ಒತ್ತಿ ಬಿಟ್ಟ ತಕ್ಷಣ ತಾನೇ ಬಿದ್ದರೆ ಗೇಟ್ ಸೋರುತ್ತಿದೆ, ಇನ್ವರ್ಟರಿಗೆ ಹಾಕಬೇಡಿ.

ಪ್ರಶ್ನೆ: ಆನ್‌ಲೈನಿನಲ್ಲಿ ಸಣ್ಣ ಡಿಸ್‌ಪ್ಲೇ ಇರುವ ರೆಡಿಮೇಡ್ ಟೆಸ್ಟರ್ ಸಿಗುತ್ತದೆ. ಕಾಲು ಹೇಗೆ ಹಾಕಿದರೂ ತಾನೇ ಗುರುತಿಸುತ್ತದಂತೆ. ಅದನ್ನೇ ಕೊಂಡರೆ ಆಗದೇ?
— ಓದುಗರು, ಇಳಕಲ್

ಉತ್ತರ: ಕೊಳ್ಳಿ, ನನ್ನ ಹತ್ತಿರವೂ ಇದೆ, ಬಹಳ ಒಳ್ಳೆಯ ಸಾಧನ. ಜರ್ಮನಿಯ ಹವ್ಯಾಸಿಗಳು ಎವಿಆರ್ ಮೈಕ್ರೊಕಂಟ್ರೋಲರ್ ಮೇಲೆ ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟ ವಿನ್ಯಾಸ ಅದು. ಮೂರು ಕಾಲಿಗೂ ಒಂದೊಂದು 680 ಓಮ್, ಒಂದೊಂದು 470ಕೆ. ಆ ಆರು ರೆಸಿಸ್ಟರುಗಳಿಂದಲೇ ಎಲ್ಲಾ ಆರು ಜೋಡಣೆಯನ್ನೂ ತಾನೇ ನೋಡಿಕೊಳ್ಳುತ್ತದೆ. ಅಂದರೆ ನಮ್ಮ ಐದು ತೂತಿನ ಕೆಲಸವನ್ನೇ ಅದು ಬಹಳ ಬೇಗ ಮಾಡುತ್ತದೆ. ಚಾರ್ಜ್ ಇರೋ ಕೆಪಾಸಿಟರನ್ನು ಮಾತ್ರ ಅದಕ್ಕೆ ತಾಗಿಸಬೇಡಿ, ಚಿಪ್ ಒಂದೇ ಏಟಿಗೆ ಹೋಗುತ್ತದೆ. ಮೊದಲು ಒಂದು ರೆಸಿಸ್ಟರ್ ಮೂಲಕ ಕೆಪಾಸಿಟರ್ ಖಾಲಿ ಮಾಡಿ, ಮೀಟರಿನಲ್ಲಿ ಸೊನ್ನೆ ನೋಡಿ, ಆಮೇಲೆ ಹಾಕಿ.

ಪ್ರಶ್ನೆ: ನನ್ನ ಹತ್ತಿರ ಬರೀ ಮಲ್ಟಿಮೀಟರ್ ಇದೆ, ಅದರಲ್ಲಿ ಎಚ್‌ಎಫ್‌ಇ ಇಲ್ಲ. ಡಯೋಡ್ ಮೋಡಿನಲ್ಲಿ ಬೇಸ್ ಸಿಗುತ್ತದೆ, ಉಳಿದ ಎರಡರಲ್ಲಿ ಎಮಿಟರ್ ಯಾವುದು?
— ಓದುಗರು, ಮುಧೋಳ

ಉತ್ತರ: ಬೇಸಿನಿಂದ ಎರಡೂ ಕಾಲಿಗೆ ಬರೋ ಅಂಕಿಯನ್ನು ಕೊನೆಯ ಅಂಕೆವರೆಗೂ ನೋಡಿ. ಒಂದು ಕಡೆ 668, ಇನ್ನೊಂದು ಕಡೆ 661 ಅಂತ ಸ್ವಲ್ಪವೇ ವ್ಯತ್ಯಾಸ ಇರುತ್ತದೆ. ಜಾಸ್ತಿ ಬಂದದ್ದು ಎಮಿಟರ್. ಕೈಯಲ್ಲಿ ಹಿಡಿದು ಅಳೆಯಬೇಡಿ, ಬೆರಳಿನ ಬಿಸಿಗೇ ಅಷ್ಟು ವ್ಯತ್ಯಾಸ ಬಂದುಬಿಡುತ್ತದೆ. ಎಸ್‌ಎಲ್100ರಂಥ ಲೋಹದ ಟೋಪಿಯದ್ದಾದರೆ ಅಳೆಯುವುದೇ ಬೇಡ, ಟೋಪಿಯ ಅಂಚಿನಲ್ಲಿ ಚಾಚಿಕೊಂಡಿರೋ ಸಣ್ಣ ನಾಲಿಗೆಯ ಹತ್ತಿರದ ಕಾಲೇ ಎಮಿಟರ್.